ಬೆಟ್ಟಕ್ಕಿಂತ ಬಯಲೇ ಕಷ್ಟ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನಿಂದ ಲೇಹ್‌ಗೆ ಬೈಕಿನಲ್ಲಿ ಒಬ್ಬನೇ ಹೋಗಿ ಬಂದೆ ಅಂದರೆ ಸಾಕು, ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. "ಆ ಬೆಟ್ಟದ ದಾರೀಲಿ ಹೆದರಿಕೆ ಆಗಲಿಲ್ವಾ?" ಆಯಿತು ಅನ್ನುತ್ತೇನೆ. ಅವರಿಗೆ ಸಮಾಧಾನ. ಬಯಲಿನ ಬಗ್ಗೆ ಮಾತ್ರ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಲೆಕ್ಕ ನೋಡಿ. ಬೆಂಗಳೂರಿನಿಂದ ಲೇಹ್‌ಗೆ ಮನಾಲಿ ಮೇಲೆ ಹೋದರೆ ಸುಮಾರು 3,100 ಕಿಲೋಮೀಟರ್. ಬೆಟ್ಟ ಶುರುವಾಗುವುದು ಪಂಜಾಬ್ ಮುಗಿದು ಹಿಮಾಚಲ ಬಂದ ಮೇಲೆ. ಅಷ್ಟು ಹೊತ್ತಿಗೆ ಮುಕ್ಕಾಲು ದಾರಿ ಕಳೆದಿರುತ್ತದೆ. ಅಂದರೆ ಲಡಾಖ್ ಪ್ರವಾಸ ಅಂತ ನಾವು ಕರೆಯುವುದು ಬಹುಪಾಲು ಬಯಲಿನ ಪ್ರವಾಸವೇ. ಫೋಟೋದಲ್ಲಿ ಮಾತ್ರ ಬೆಟ್ಟ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅಂತಾರಲ್ಲ, ದೂರದ ಬಯಲೂ ಅಷ್ಟೇ ನುಣ್ಣಗೆ.

ನನಗೆ ಆಗ ಐವತ್ತೆರಡು. ಬೈಕ್ ಕಲಿತದ್ದು ಅಪ್ಪನ ಎಜ್ಡಿಯಲ್ಲಿ. ಮೈಸೂರಿನಲ್ಲೇ ತಯಾರಾಗುತ್ತಿದ್ದ ಗಾಡಿ ಅದು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಿಕ್ಕರೂ ಗೇರೂ ಒಂದೇ ಲಿವರಿನಲ್ಲಿ. ಈಗ ಅದು ಹಿತ್ತಲಲ್ಲಿ ನಿಂತಿದೆ. ನಾನು ಹೋದದ್ದು ನನ್ನ ಹನ್ನೆರಡು ವರ್ಷದ ಮುನ್ನೂರೈವತ್ತು ಸಿಸಿ ಗಾಡಿಯಲ್ಲಿ. ಹಿಂದೆ ಎರಡು ಬ್ಯಾಗು. ಒಂದರಲ್ಲಿ ಬಟ್ಟೆ. ಇನ್ನೊಂದರಲ್ಲಿ ಟ್ಯೂಬು, ಕ್ಲಚ್ ಕೇಬಲ್ಲು, ಸ್ಪಾರ್ಕ್ ಪ್ಲಗ್ಗು, ಚೈನಿನ ಲಿಂಕು, ಜೊತೆಗೆ ಮನೆಯವಳು ಕಟ್ಟಿಕೊಟ್ಟ ಚಟ್ನಿಪುಡಿ. ಪೆಟ್ರೋಲ್ ವಾಸನೆ ಚಟ್ನಿಪುಡಿಗೆ ಹತ್ತಲಿಲ್ಲ. ಚಟ್ನಿಪುಡಿ ವಾಸನೆ ಟ್ಯೂಬಿಗೆ ಹತ್ತಿತ್ತು.

ಜೂನ್ ಎರಡನೇ ವಾರ, ಬೆಳಗಿನ ಜಾವ ನಾಲ್ಕಕ್ಕೆ ಹೆಬ್ಬಾಳ ಬಿಟ್ಟೆ. ಕನ್ಯಾಕುಮಾರಿಯಿಂದ ಶ್ರೀನಗರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ನಮ್ಮ ಊರಿನ ಮೂಲಕವೇ ಹಾದುಹೋಗುತ್ತದೆ. ದೇಶದಲ್ಲೇ ಉದ್ದದ ಹೆದ್ದಾರಿ. ಬಾಗೇಪಲ್ಲಿ ದಾಟಿದರೆ ಆಂಧ್ರ. ಕರ್ನೂಲಿನಲ್ಲಿ ತುಂಗಭದ್ರೆ, ಆಮೇಲೆ ಕೃಷ್ಣೆ, ಸಂಜೆಗೆ ಹೈದರಾಬಾದ್. ಟೋಲ್ ಬಂದಾಗೆಲ್ಲ ಎಡಗಡೆಯ ಸಣ್ಣ ಸಂದಿನಲ್ಲಿ ನುಸುಳಿ ಹೋಗುವುದು. ದ್ವಿಚಕ್ರಕ್ಕೆ ಕಾಸಿಲ್ಲ. ಕೋಟಿ ರೂಪಾಯಿಯ ಕಾರುಗಳು ಸಾಲಿನಲ್ಲಿ ನಿಂತಿರುವಾಗ ಹಾಗೆ ನುಸುಳುವುದರಲ್ಲಿ ಒಂಥರಾ ಖುಷಿ ಇದೆ, ಸುಳ್ಳು ಯಾಕೆ ಹೇಳಲಿ.

ಎರಡನೇ ದಿನ ಬಿಸಿಲು. ಮುಂಗಾರು ನನ್ನ ಬೆನ್ನ ಹಿಂದೆ ಎಲ್ಲೋ ಬರುತ್ತಿತ್ತು, ನಾಗಪುರದ ಕಡೆ ಇನ್ನೂ ಮುಟ್ಟಿರಲಿಲ್ಲ. ಇಲ್ಲಿ ಒಂದು ವಿಷಯ ಹೇಳಲೇಬೇಕು. ಬೈಕಿನಲ್ಲಿ ಗಾಳಿ ಹೊಡೆದರೆ ತಂಪು ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಬೆಂಗಳೂರಿನಲ್ಲಿ ಅದು ನಿಜ. ನಮ್ಮ ಮೈ ಶಾಖ 37 ಡಿಗ್ರಿ. ಹೊರಗಿನ ಗಾಳಿ 43 ಇದ್ದರೆ ಆ ಗಾಳಿ ಮೈಯಿಂದ ಶಾಖ ಒಯ್ಯುವುದಿಲ್ಲ, ಮೈಗೆ ತಂದು ಸುರಿಯುತ್ತದೆ. ಬೆವರು ಬಂದದ್ದೇ ಗೊತ್ತಾಗದಷ್ಟು ಬೇಗ ಆರಿಹೋಗುತ್ತದೆ. ಆದಿಲಾಬಾದ್ ದಾಟಿದ ಮೇಲೆ ಸೆಖೆ ಅಂತ ಜಾಕೆಟ್ಟಿನ ಜಿಪ್ ಬಿಚ್ಚಿದೆ. ಐದೇ ನಿಮಿಷಕ್ಕೆ ಮತ್ತೆ ಹಾಕಿಕೊಂಡೆ. ಒಲೆ ಬಾಯಿಗೆ ಎದೆ ಕೊಟ್ಟ ಹಾಗಿತ್ತು. ಚಹದ ಅಂಗಡಿಯವನೊಬ್ಬ ನನ್ನ ಟವೆಲನ್ನು ನೀರಿನ ಡ್ರಮ್ಮಿನಲ್ಲಿ ಅದ್ದಿ, ಹಿಂಡದೆ ಹಾಗೇ ಕುತ್ತಿಗೆಗೆ ಸುತ್ತಿಕೊಳ್ಳಲು ಹೇಳಿದ. ಮೇಲೆ ಜಾಕೆಟ್ ಮುಚ್ಚು ಅಂದ. ಮುಕ್ಕಾಲು ಗಂಟೆಗೊಮ್ಮೆ ಆ ಟವೆಲ್ ಹಪ್ಪಳ ಆಗುತ್ತಿತ್ತು. ಮತ್ತೆ ಅದ್ದುವುದು, ಮತ್ತೆ ಹೊರಡುವುದು. ನಾಗಪುರಕ್ಕೆ ಹೋದದ್ದು ಹಾಗೆ.

ಮೂರನೇ ದಿನ ಬೆಳಿಗ್ಗೆ ಪೆಂಚ್ ಕಾಡು. ಅಲ್ಲಿ ರಸ್ತೆಯನ್ನೇ ಕಂಬಗಳ ಮೇಲೆ ಎತ್ತಿಬಿಟ್ಟಿದ್ದಾರೆ. ಮೇಲೆ ನಾವು, ಕೆಳಗೆ ಹುಲಿ, ಜಿಂಕೆ, ಕಾಡುನಾಯಿ. ಅವು ಕೆಳಗೆ ದಾಟುವುದು ಕ್ಯಾಮೆರಾಗಳಲ್ಲಿ ದಾಖಲಾಗಿದೆ. ನನಗೇನೂ ಕಾಣಲಿಲ್ಲ, ಎರಡೂ ಬದಿಗೆ ಎತ್ತರದ ತಡೆಗೋಡೆ. ಆದರೂ ಬಂಡೀಪುರದ ರಾತ್ರಿ ಸಂಚಾರದ ಜಗಳ ನೆನಪಾಗದೆ ಇರಲಿಲ್ಲ.

ಸಿವನಿ, ಲಖನಾದೌನ್ ಆದ ಮೇಲೆ ನರ್ಮದೆ. ಸೇತುವೆ ಮೇಲೆ ನಿಲ್ಲಿಸಿ ಐದು ನಿಮಿಷ ನೋಡಿದೆ. ಮುಂದಿನ ದೊಡ್ಡ ಊರು ಮಧ್ಯಪ್ರದೇಶದ ಸಾಗರ್. ಮಧ್ಯಾಹ್ನ ಎರಡೂವರೆ ಇರಬೇಕು. ಹೊಟ್ಟೆ ತುಂಬಾ ದಾಲ್ ರೋಟಿ ತಿಂದಿದ್ದೆ. ರಸ್ತೆ ಅಂದರೆ ಹಗ್ಗ ಎಳೆದು ಕಟ್ಟಿದ ಹಾಗೆ ನೇರ. ತಿರುವಿಲ್ಲ, ಗುಂಡಿಯಿಲ್ಲ, ಎದುರಿಗೆ ಯಾರೂ ಬರುವುದಿಲ್ಲ. ಇಂಜಿನ್ ಒಂದೇ ಶ್ರುತಿಯಲ್ಲಿ ಹಾಡುತ್ತಿದೆ. ಹೆಲ್ಮೆಟ್ಟಿನ ಒಳಗೆ ನಾನು ಮನೆಯ ಮೇಲಿನ ನೀರಿನ ಟ್ಯಾಂಕಿನ ಬಗ್ಗೆ ಯೋಚಿಸುತ್ತಿದ್ದೆ. ಬಾಲ್ ವಾಲ್ವ್ ಬದಲಾಯಿಸಬೇಕಿತ್ತು. ಪ್ಲಂಬರ್ ಬಂದ. ಏಣಿ ಹಾಕಿದ. ಏಣಿ ಗಡಗಡ ಅಂತ ಅಲುಗಾಡಿತು.

ಏಣಿ ಅಲ್ಲ ಅದು. ರಸ್ತೆಯ ಅಂಚಿನ ಬಿಳಿ ಗೆರೆ. ಅದರ ಮೇಲಿನ ಸಣ್ಣ ಉಬ್ಬುಗಳ ಮೇಲೆ ನನ್ನ ಮುಂದಿನ ಚಕ್ರ ಓಡುತ್ತಿತ್ತು. ಆಚೆಗೆ ಒಂದು ಮೊಳ ಜಲ್ಲಿ, ಆಮೇಲೆ ಇಳಿಜಾರು. ವೇಗ 75.

ಎಷ್ಟು ಹೊತ್ತು ಕಣ್ಣು ಮುಚ್ಚಿದ್ದೆ? ಎರಡು ಸೆಕೆಂಡೋ, ನಾಲ್ಕೋ. ಆ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ 20 ಮೀಟರಿಗಿಂತ ಜಾಸ್ತಿ ಹೋಗುತ್ತದೆ. ಕನಸು ಮಾತ್ರ ಪೂರಾ ನೆನಪಿದೆ, ಪ್ಲಂಬರಿನ ನೀಲಿ ಅಂಗಿ ಸಮೇತ.

ಅಲ್ಲಿಂದ ಒಂದು ಕಿಲೋಮೀಟರಿನಲ್ಲಿ ಢಾಬಾ ಸಿಕ್ಕಿತು. ಗಾಡಿ ನಿಲ್ಲಿಸಿದಾಗ ಕಾಲು ನಡುಗುತ್ತಿತ್ತು. ಸ್ಟ್ರಾಂಗಾಗಿ ಒಂದು ಟೀ ಹೇಳಿದೆ. ಪಕ್ಕದಲ್ಲಿ ಹಗ್ಗದ ಮಂಚದ ಮೇಲೆ ಲುಂಗಿ ಉಟ್ಟು ಮಲಗಿದ್ದವರು ಒಂದೇ ಕಣ್ಣು ಬಿಟ್ಟು ನನ್ನ ನಂಬರ್ ಪ್ಲೇಟ್ ನೋಡಿದರು.

"ಕೆಎ ನಾಲ್ಕು. ಯಶವಂತಪುರ. ಏನ್ ಸಾರ್, ಇಷ್ಟು ದೂರ?"

ಮೂರು ದಿನದ ಮೇಲೆ ಕಿವಿಗೆ ಬಿದ್ದ ಮೊದಲ ಕನ್ನಡ. ಕೋಲಾರದ ಕಡೆಯ ಲಾರಿ ಚಾಲಕರು. ದೆಹಲಿಗೆ ಟೊಮೆಟೊ ಲೋಡು. ನಮ್ಮ ಕೋಲಾರದ ಮಾರುಕಟ್ಟೆಯಿಂದ ಉತ್ತರಕ್ಕೆ ಹೀಗೆ ಲಾರಿಗಟ್ಟಲೆ ಟೊಮೆಟೊ ಹೋಗುತ್ತದೆ. ನಡೆದದ್ದು ಹೇಳಿದೆ. ಅವರು ಎದ್ದು ಕೂತರು.

"ಟೀ ಬ್ಯಾಡ ಸಾರ್. ಟೀ ಕುಡಿದ್ರೆ ಎಚ್ಚರ ಆದಂಗೆ ಇರುತ್ತೆ, ಆಗಿರಲ್ಲ. ಮಲ್ಕೊಳ್ಳಿ. ಅರ್ಧ ಗಂಟೆ."

"ಸಂಜೆಯೊಳಗೆ ಝಾನ್ಸಿ ಸೇರಬೇಕಿತ್ತು ಅಣ್ಣಾ."

"ನನ್ ಲಾರೀಲಿರೋದು ಟೊಮೆಟೊ ಸಾರ್. ಲೇಟಾದ್ರೆ ಕೊಳೆಯುತ್ತೆ. ಓನರ್ ಬೈತಾರೆ. ಆದ್ರೂ ನೋಡಿ, ಮಲಗಿದೀನಿ. ನಿಮ್ ಬ್ಯಾಗಲ್ಲಿ ಕೊಳೆಯೋದು ಏನಿದೆ?"

ಉತ್ತರ ಇರಲಿಲ್ಲ. ಪಕ್ಕದ ಮಂಚ ಎಳೆದುಕೊಂಡು ಮಲಗಿದೆ. ಎದ್ದಾಗ ನಾಲ್ಕೂವರೆ. ಲಾರಿ ಹೋಗಿತ್ತು. ಅಣ್ಣನ ಹೆಸರನ್ನೂ ಕೇಳಿರಲಿಲ್ಲ. ಝಾನ್ಸಿ ಮರುದಿನಕ್ಕೆ ಹೋಯಿತು. ಬೆಳಿಗ್ಗೆ ನೋಡಿದರೆ ಆಕಾಶದಲ್ಲಿ ಮೋಡ ನನ್ನ ಹಿಂದೆಯೇ ಬಂದಿತ್ತು.

ಒಬ್ಬನೇ ಹೋಗುವುದರಲ್ಲಿ ನಿಜವಾದ ತೊಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಮಂಚದ ಮೇಲೆ. ಬೇಜಾರಲ್ಲ, ಹೆದರಿಕೆಯೂ ಅಲ್ಲ. ಜೊತೆಗೆ ಇನ್ನೊಬ್ಬ ಇದ್ದಿದ್ದರೆ ನನ್ನ ಗಾಡಿ ವಾಲುವುದನ್ನು ಹಿಂದಿನಿಂದ ನೋಡಿ ಹಾರ್ನ್ ಹೊಡೆಯುತ್ತಿದ್ದ. ಒಬ್ಬನೇ ಇದ್ದರೆ, ದಣಿದಿದ್ದೀಯಾ ಅಂತ ಕೇಳುವುದೂ ದಣಿದ ತಲೆಯೇ. ಇಲ್ಲ ಅಂತ ಉತ್ತರ ಕೊಡುವುದೂ ಅದೇ.

ಆಮೇಲಿನ ಬಯಲನ್ನು ಬೇಗ ಹೇಳಿ ಮುಗಿಸುತ್ತೇನೆ. ಗ್ವಾಲಿಯರ್, ಚಂಬಲ್ ನದಿ, ಆಗ್ರಾ. ದೆಹಲಿ ದಾಟಲಿಕ್ಕೇ ಮೂರು ಗಂಟೆ. ಪಾಣಿಪತ್, ಅಂಬಾಲಾ. ದಿನಾ ಮಧ್ಯಾಹ್ನ ಎರಡರಿಂದ ನಾಲ್ಕು ಎಲ್ಲಾದರೂ ಮಂಚ ಹುಡುಕುವುದು. ಅಷ್ಟೇ.

ಮನಾಲಿ ದಾಟಿದ ಮೇಲೆ ಅಟಲ್ ಸುರಂಗ. 9 ಕಿಲೋಮೀಟರ್ ಉದ್ದ, 2020ರ ಅಕ್ಟೋಬರಿನಲ್ಲಿ ತೆರೆದದ್ದು. ಈ ಕಡೆ ದೇವದಾರು, ಹಸಿರು, ಜಿನುಗು ಮಳೆ. ಆ ಕಡೆ ಹೊರಬಂದರೆ ಬೋಳು ಬೆಟ್ಟ, ಕಣ್ಣು ಕುಕ್ಕುವ ಬಿಸಿಲು. ಬೆಂಗಳೂರಿನಿಂದ ನನ್ನ ಬೆನ್ನು ಹತ್ತಿ ಬಂದಿದ್ದ ಮೋಡಕ್ಕೆ ಅಲ್ಲಿಂದಾಚೆ ದಾರಿ ಇಲ್ಲ. ಆಗುಂಬೆಯಲ್ಲಿ ಜೋರು ಮಳೆಯ ಒಂದೇ ದಿನಕ್ಕೆ ಸುರಿಯುವುದು ಲೇಹ್‌ಗೆ ಇಡೀ ವರ್ಷದ ಮಳೆ.

ಚಂದ್ರಾ ಮತ್ತು ಭಾಗಾ ನದಿಗಳು ಕೂಡುವ ಜಾಗ ತಾಂಡಿ. ಅಲ್ಲಿನ ಪೆಟ್ರೋಲ್ ಬಂಕಿನ ಫಲಕ ಬೈಕಿನವರ ಲೋಕದಲ್ಲಿ ತುಂಬ ಪ್ರಸಿದ್ಧ. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅಂತ ಬರೆದದ್ದು. ಟ್ಯಾಂಕ್ ತುಂಬಿಸಿ, ಕ್ಯಾನಿನಲ್ಲಿ ಐದು ಲೀಟರ್ ಕಟ್ಟಿಕೊಂಡೆ. ಆ ರಾತ್ರಿ ಜಿಸ್ಪಾದಲ್ಲಿ ಟೆಂಟು.

ಬೆಟ್ಟದಲ್ಲಿ ನೀರಿಗೂ ಟೈಮ್‌ಟೇಬಲ್ ಇದೆ. ರಸ್ತೆಗೆ ಅಡ್ಡ ಹರಿಯುವ ತೊರೆಗಳಿಗೆ ನಾಲಾ ಅಂತಾರೆ. ನೀರು ಮೇಲಿನ ಹಿಮ ಕರಗಿ ಬರುವುದು. ರಾತ್ರಿ ಚಳಿಗೆ ಹಿಮ ಕರಗುವುದು ನಿಲ್ಲುತ್ತದೆ, ಹಾಗಾಗಿ ಬೆಳಿಗ್ಗೆ ಪಾದ ಮುಳುಗುವಷ್ಟು ನೀರು. ಬಿಸಿಲೇರಿದ ಹಾಗೆ ನೀರೂ ಏರುತ್ತದೆ. ಅದಕ್ಕೇ ಟೆಂಟಿನವರು ಆರಕ್ಕೆ ಹೊರಡಿ ಅಂದಿದ್ದರು. ನಾನು ಚಳಿಗೆ ಕಂಬಳಿ ಬಿಟ್ಟು ಎದ್ದದ್ದು ಎಂಟಕ್ಕೆ. ಗಾಡಿ ಸ್ಟಾರ್ಟ್ ಆಗಲು ಇನ್ನರ್ಧ ಗಂಟೆ. ಜಿಂಗ್‌ಜಿಂಗ್‌ಬಾರ್ ಹತ್ತಿರ ನಾಲಾಕ್ಕೆ ಬಂದಾಗ ಹನ್ನೊಂದು ದಾಟಿತ್ತು.

ನೀರು ಹಾಲಿನ ಬಣ್ಣ. ತಳ ಕಾಣುವುದಿಲ್ಲ. ಒಳಗೆ ಕಲ್ಲುಗಳು ಉರುಳುವ ಸದ್ದು ಮಾತ್ರ ಕೇಳುತ್ತದೆ, ಲೊಟಲೊಟ ಅಂತ. ಫಸ್ಟ್ ಗೇರ್, ಕಣ್ಣು ಆಚೆ ದಡದ ಮೇಲೆ, ಎಕ್ಸಲೇಟರ್ ಬಿಡಬಾರದು. ಇಷ್ಟೆಲ್ಲ ಗೊತ್ತಿತ್ತು. ನಡುವೆ ಒಂದು ಕಲ್ಲಿಗೆ ಮುಂದಿನ ಚಕ್ರ ಬಡಿಯಿತು, ನಾನು ಬಗ್ಗಿ ಚಕ್ರ ನೋಡಿದೆ, ಗಾಡಿ ಆಫ್. ಮೊಣಕಾಲಿನ ತನಕ ನೀರು. ಮೊದಲ ಹತ್ತು ಸೆಕೆಂಡು ಉರಿ. ಆಮೇಲೆ ಕಾಲೇ ಇಲ್ಲ ಅನ್ನಿಸುತ್ತದೆ.

ರಸ್ತೆ ಕೆಲಸ ಮಾಡುತ್ತಿದ್ದ ಮೂವರು ಸಲಿಕೆ ಬಿಸಾಡಿ ನೀರಿಗೆ ಇಳಿದರು. ಇಬ್ಬರು ಹಿಂದಿನಿಂದ, ಒಬ್ಬ ಮುಂದೆ ಫೋರ್ಕ್ ಹಿಡಿದು ಎಳೆದ. ಎರಡು ನಿಮಿಷ. ದಡದಲ್ಲಿ ಟಾರ್ ಕಾಯಿಸುವ ಬೆಂಕಿಯ ಹತ್ತಿರ ಕೂರಿಸಿದರು. ಬೂಟ್ಸ್ ಬಿಚ್ಚಿ ಬಗ್ಗಿಸಿದರೆ ಚೊಂಬು ನೀರು. ಯಾವ ಊರು ಅಂದೆ. ದುಮ್ಕಾ ಅಂದರು. ಝಾರ್ಖಂಡ್.

ಈ ರಸ್ತೆಗಳನ್ನು ನೋಡಿಕೊಳ್ಳುವುದು 1960ರಲ್ಲಿ ಶುರುವಾದ ಗಡಿ ರಸ್ತೆಗಳ ಸಂಸ್ಥೆ. ಆದರೆ ಕಲ್ಲು ಒಡೆಯುವ, ಟಾರ್ ಸುರಿಯುವ ಕೈಗಳಲ್ಲಿ ಎಷ್ಟೋ ದುಮ್ಕಾ ಕಡೆಯವು. ಬೇಸಿಗೆಯಲ್ಲಿ ಬರುತ್ತಾರೆ, ಹಿಮ ಬೀಳುವ ಮೊದಲು ಊರಿಗೆ. 2020ರಲ್ಲಿ ಲಾಕ್‌ಡೌನ್ ಸಡಿಲವಾದಾಗ ಲಡಾಖಿನ ಕೆಲಸಕ್ಕೆ ಅಂತಲೇ ದುಮ್ಕಾದಿಂದ ವಿಶೇಷ ರೈಲು ಬಿಟ್ಟಿದ್ದರು. ನಾವು ಸೆಲ್ಫಿ ತೆಗೆದುಕೊಳ್ಳುವ ಬೆಟ್ಟದ ರಸ್ತೆ ಮಾಡುತ್ತಿರುವವರು ಬಯಲಿನವರು. ನನಗೆ ಅದು ಅಲ್ಲಿ ಕೂತು ಬೂಟ್ಸ್ ಒಣಗಿಸುವವರೆಗೂ ಹೊಳೆದಿರಲಿಲ್ಲ.

ಅವರಲ್ಲಿ ಚಿಕ್ಕವನು ಕೇಳಿದ. ಇಲ್ಲಿ ಏನು ಕೆಲಸ ನಿಮಗೆ? ಕೆಲಸ ಏನಿಲ್ಲ, ಸುಮ್ನೆ ಬಂದೆ ಅಂದೆ. ಅವನು ಉಳಿದಿಬ್ಬರ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಮೂವರೂ ನಕ್ಕರು. ನಾನೂ ನಕ್ಕೆ. ಚಟ್ನಿಪುಡಿಯ ಅರ್ಧ ಅವರಿಗೆ ಹೋಯಿತು.

ಬಾರಾಲಾಚಾ ಪಾಸು, ಸರ್ಚುವಿನಲ್ಲಿ ತಲೆನೋವಿನ ರಾತ್ರಿ, ಗಾಟಾ ಲೂಪ್ಸಿನ ಇಪ್ಪತ್ತೊಂದು ತಿರುವು. ಐದು ಸಾವಿರ ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನನ್ನದು ಕಾರ್ಬುರೇಟರ್ ಗಾಡಿ. ಗಾಳಿ ಕಡಿಮೆ, ಪೆಟ್ರೋಲ್ ಮಾತ್ರ ಮೊದಲಿನಷ್ಟೇ. ಕಪ್ಪು ಹೊಗೆ ಬಿಡುತ್ತ, ಕೆಮ್ಮುತ್ತ, ಫಸ್ಟ್ ಗೇರಿನಲ್ಲಿ ಹತ್ತಿತು. ನಾನೂ ಹೆಚ್ಚುಕಡಿಮೆ ಹಾಗೇ. ಆದರೆ ಒಂದು ಕ್ಷಣವೂ ನಿದ್ದೆ ಬರಲಿಲ್ಲ. ಪ್ರತಿ ತಿರುವೂ ಎಚ್ಚರಿಸುತ್ತಿತ್ತು.

ಪಾಂಗ್ ದಾಟಿ ಒಂದು ಏರು ಹತ್ತಿದರೆ ಮೋರೆ ಬಯಲು. ಸಮುದ್ರ ಮಟ್ಟದಿಂದ 4,700 ಮೀಟರ್ ಮೇಲೆ, ಸುಮಾರು 40 ಕಿಲೋಮೀಟರ್ ಉದ್ದಕ್ಕೆ ಮೇಜಿನ ಹಾಗೆ ಚಪ್ಪಟೆ. ಸುತ್ತ ಬೆಟ್ಟ, ನಡುವೆ ನೇರ ರಸ್ತೆ. ದೂರದಲ್ಲಿ ಚಾಂಗ್ಪಾ ಕುರಿಗಾಹಿಗಳ ಕಪ್ಪು ಗುಡಾರ. ಗಡಿಯಾರ ನೋಡಿದೆ. ಎರಡೂ ನಲವತ್ತು. ಕಣ್ಣು ಎಳೆಯತೊಡಗಿತು.

ನಿಲ್ಲಿಸಿದೆ. ಇಲ್ಲಿ ಮಂಚ ಇಲ್ಲ, ಮಲಗುವ ಜಾಗವೂ ಅಲ್ಲ. ಅಷ್ಟು ಎತ್ತರದಲ್ಲಿ ಬರುವ ಮಂಪರು ಬರೀ ದಣಿವೋ, ಮಿದುಳಿಗೆ ಆಮ್ಲಜನಕ ಸಾಲದೆ ಬಂದದ್ದೋ ತಿಳಿಯಬೇಕು. ಅದಕ್ಕೊಂದು ಪರೀಕ್ಷೆ ಇದೆ. ರಸ್ತೆಯ ಅಂಚಿನ ಬಿಳಿ ಗೆರೆಯ ಮೇಲೆ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸುತ್ತ ನಡೆದೆ. ತೂರಾಡಿದರೆ ಆ ಕ್ಷಣವೇ ಕೆಳಗೆ ಇಳಿಯಬೇಕು. ಇಪ್ಪತ್ತು ಹೆಜ್ಜೆ ಹೋದೆ, ಇಪ್ಪತ್ತು ಹೆಜ್ಜೆ ಬಂದೆ. ತೂರಾಡಲಿಲ್ಲ. ಎದುರಿಗೆ ಬಂದ ಮಿಲಿಟರಿ ಟ್ರಕ್ಕಿನವನು ನಿಧಾನಿಸಿ, ಈ ಮುದುಕನಿಗೆ ಏನಾಗಿದೆ ಅನ್ನುವ ಹಾಗೆ ನೋಡಿ ಹೋದ. ಮುಂದಿನ ಚಕ್ರಕ್ಕೆ ಒರಗಿ ಕೂತು ನೀರು ಕುಡಿದೆ. ಅರ್ಧ ಗಂಟೆ ಬಿಟ್ಟು ಟ್ಯಾಂಗ್ಲಾಂಗ್ ಲಾ ಪಾಸು ಹತ್ತಿ, ಕತ್ತಲಾಗುವಾಗ ಲೇಹ್ ಸೇರಿದೆ.

ಮರುದಿನ ಅಲ್ಲಿನ ಪೇಟೆಯಲ್ಲಿ ಚಹ ಕುಡಿಯುವಾಗ ಬೆಂಗಳೂರಿನ ಹುಡುಗನೊಬ್ಬ ಸಿಕ್ಕ. ವಿಮಾನದಲ್ಲಿ ಬಂದು ಬಾಡಿಗೆ ಬೈಕ್ ತೆಗೆದುಕೊಂಡಿದ್ದ. ನಾನು ಬಂದ ದಾರಿ ಕೇಳಿ ಕಣ್ಣರಳಿಸಿದ.

"ಅಂಕಲ್, ಎಲ್ಲಕ್ಕಿಂತ ಕಷ್ಟ ಆಗಿದ್ದು ಎಲ್ಲಿ? ಬಾರಾಲಾಚಾನಾ? ಟ್ಯಾಂಗ್ಲಾಂಗ್ ಲಾನಾ?"

"ಸಾಗರ" ಅಂದೆ.

ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಮೆತ್ತಗೆ ಕೇಳಿದ. "ಶಿವಮೊಗ್ಗ ಹತ್ರ ಇರೋದಾ ಅಂಕಲ್?"

ಪಾಪ, ಎತ್ತರಕ್ಕೆ ನನ್ನ ತಲೆಗೆ ಏನೋ ಆಗಿದೆ ಅಂದುಕೊಂಡಿರಬೇಕು. ಅವನಿಗೂ ಒಂದು ಚಹ ಹೇಳಿ, ಟೊಮೆಟೊ ಲಾರಿಯಿಂದ ಶುರು ಮಾಡಿದೆ.

ನಮಸ್ಕಾರ.