ಹೆಣ್ಣುಗಿಡ ಯಾವ ತೋಟದಲ್ಲಿದೆ?

ಕೇಳುಗರೇ, ನಮಸ್ಕಾರ.

ಮಸಾಲೆಗೆ ಹಾಕುವ ರಾಮಪತ್ರೆ ನಿಮಗೆ ಗೊತ್ತೇ ಇರುತ್ತದೆ. ಬೀಜಕ್ಕೆ ಜಾಲರಿಯ ಹಾಗೆ ಅಂಟಿಕೊಂಡಿರುವ ಪತ್ರೆ ಅದು. ಆ ಮರ ಘಟ್ಟದ್ದು, ಈಗ ಅಪಾಯದಲ್ಲಿರುವ ಮರಗಳ ಪಟ್ಟಿಯಲ್ಲಿದೆ. ಜೋಳದ ಹಾಗೆ ಬೀಜ ಒಣಗಿಸಿ ಇಟ್ಟರಾಯಿತಲ್ಲ ಅಂತೀರಾ? ಆಗುವುದಿಲ್ಲ. ನಮ್ಮ ಆಪೂಸಿನ ಗೊರಟದ ಹಾಗೆ ಅದೂ ಒಣಗಿದರೆ ಸತ್ತೇ ಹೋಗುತ್ತದೆ. ಉಳಿಸಬೇಕೆಂದರೆ ಸಸ್ಯತೋಟಗಳಲ್ಲಿ, ಅಂದರೆ ಅಪರೂಪದ ಗಿಡಗಳನ್ನು ಕಾಪಾಡುವ ತೋಟಗಳಲ್ಲಿ, ಗಿಡವಾಗಿಯೇ ಬೆಳೆಸಬೇಕು.

ಅದರಲ್ಲೂ ಒಂದು ತೊಡಕಿದೆ. ರಾಮಪತ್ರೆಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡುವ ತನಕ ನೋಡಿ ಹೇಳಲು ಬರುವುದಿಲ್ಲ. ಒಂದು ತೋಟದಲ್ಲಿ ಬರೀ ಗಂಡು, ಇನ್ನೊಂದರಲ್ಲಿ ಬರೀ ಹೆಣ್ಣು ಇದ್ದು, ಒಬ್ಬರದು ಒಬ್ಬರಿಗೆ ಗೊತ್ತಿಲ್ಲದಿದ್ದರೆ?

1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಿನಲ್ಲಿ ವುಡ್ ಎಂಬುವರಿಗೆ, ನೋಡಲು ಈಚಲಿನ ಹಾಗಿರುವ, ಸೈಕಾಡ್ ಎಂಬ ಜಾತಿಯ ಒಂದು ಗಿಡ ಸಿಕ್ಕಿತು. ಗಂಡು ಗಿಡ. ಅದಕ್ಕೆ ಹೆಣ್ಣು ಇವತ್ತಿನವರೆಗೂ ಸಿಕ್ಕಿಲ್ಲ. ಲಂಡನ್ನಿನ ಕ್ಯೂ ತೋಟದಲ್ಲಿರುವುದೂ ಬೇರೆ ತೋಟಗಳಲ್ಲಿರುವುದೂ ಆ ಒಂದೇ ಬುಡದ ಮರಿಗಳು. ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ.

ಇನ್ನು ನಾನೇ ಕಂಡದ್ದು. ಒಂದು ತೋಟದಲ್ಲಿ ಅಪರೂಪದ ಗಿಡವೊಂದಿತ್ತು. ತಂತಿ ತುಕ್ಕು ಹಿಡಿದು ಕಡಿದು, ತಗಡಿನ ಬಿಲ್ಲೆ ಬುಡದಲ್ಲಿ ಬಿದ್ದಿತ್ತು. ಎತ್ತಿ ಮಣ್ಣು ಒರೆಸಿದೆ. ಬಣ್ಣದ ಬರಹವೆಲ್ಲ ಮಳೆಗೆ ತೊಳೆದು ‘ಘಟ್ಟ’ ಅನ್ನುವುದಷ್ಟೇ ಉಳಿದಿತ್ತು. ಯಾವ ಘಟ್ಟ? ಯಾವ ಮರದ ಬೀಜ? ತಂದು ನೆಟ್ಟ ಮಾಲಿ ನಿವೃತ್ತರಾಗಿ ಊರು ಸೇರಿದ್ದರು. ಗಿಡ ಹಸಿರಾಗಿ ನಿಂತಿತ್ತು, ಅದರ ಕುಲವೇ ಕಳೆದುಹೋಗಿತ್ತು. ಹೀಗೆ ಕುಲ ತಿಳಿಯದೆ ಒಂದೇ ತಾಯಿಯ ಮಕ್ಕಳನ್ನು ನಾಲ್ಕು ತೋಟಗಳಲ್ಲಿ ಬೆಳೆಸಿ, ಅವುಗಳಲ್ಲೇ ಬೀಜ ಕಟ್ಟಿಸಿದರೆ ಪೀಳಿಗೆ ಸೊರಗುತ್ತದೆ. ಊರಿಗೆಲ್ಲ ಒಂದೇ ಬೀಜದ ಹೋರಿ ಇಟ್ಟುಕೊಂಡರೆ ಏನಾಗುತ್ತದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಸಸ್ಯತೋಟಗಳ ಅಂತರರಾಷ್ಟ್ರೀಯ ಸಂಸ್ಥೆಯೊಂದು 1987ರಿಂದ ತೋಟಗಳನ್ನು ಒಂದಕ್ಕೊಂದು ಬೆಸೆದು ಗಿಡ ಉಳಿಸುವ ಕೆಲಸ ಮಾಡುತ್ತಿದೆ. ಯಾವ ಗಿಡ ಎಷ್ಟು ತೋಟಗಳಲ್ಲಿದೆ ಎಂದು ಅದರ ಪಟ್ಟಿಯಲ್ಲಿ ಹುಡುಕಬಹುದು. ನಮ್ಮಲ್ಲೂ ತೋಟಗಳಿವೆ. ಎಲ್ಲರೂ ಎಲ್ಲವನ್ನೂ ಬೆಳೆಸಬೇಕಿಲ್ಲ. ಗದಗಿನ ಕಪ್ಪತಗುಡ್ಡದ ಔಷಧಿ ಗಿಡಗಳಿಗೆ ಧಾರವಾಡದ ಹವೆ ಒಗ್ಗೀತು. ನೀರು ಬೇಡುವ ರಾಮಪತ್ರೆಗೆ ಶಿರಸಿಯ ಕಡೆಯೇ ಸರಿ. ಮನೆಯ ಹೆಪ್ಪು ಕೆಟ್ಟ ದಿನ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುತ್ತೇವಲ್ಲ, ತೋಟ ತೋಟದ ನಡುವೆ ಅಂಥ ಬಳಕೆ ಬೇಕು.

ತೋಟ ನೋಡಿಕೊಳ್ಳುವವರಲ್ಲಿ, ಕಾಲೇಜಿನ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಈ ಮಳೆಗಾಲದಲ್ಲಿ ಯಾರಿಗಾದರೂ ಸಸಿ ಕೊಡುವಾಗ ಸುಮ್ನೆ ಕೊಡಬೇಡಿ. ತಾಯಿಮರ ಎಲ್ಲಿದೆ, ಬೀಜ ಆರಿಸಿದ್ದು ಯಾವಾಗ, ಅದರ ಒಡಹುಟ್ಟಿದ ಸಸಿಗಳು ಯಾರ್ಯಾರಿಗೆ ಹೋದವು, ಇಷ್ಟು ಬರೆದ ಚೀಟಿಯನ್ನೂ ಜೊತೆಗಿಡಿ. ಅದೇ ಮೂರು ಸಾಲು ನಿಮ್ಮ ರಿಜಿಸ್ಟರಿನಲ್ಲೂ ಇರಲಿ.

ನಮಸ್ಕಾರ.