ಪೊಟ್ಟಣ ಎಸೆಯಬೇಡಿ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ಪೊಟ್ಟಣ ಹಿಂದಿನ ಸಾಲಿನವರಿಗೆ ಕಾಣಿಸಲಿಕ್ಕಿಲ್ಲ. ಹೆಬ್ಬೆರಳಿನಷ್ಟೇ ಇದೆ. ಆದರೆ ನೀವೆಲ್ಲ ನೋಡಿರುತ್ತೀರಿ. ಹೊಸ ಶೂ, ಬ್ಯಾಗ್, ಮಾತ್ರೆ ಡಬ್ಬಿ, ಎಲ್ಲದರಲ್ಲೂ ಇರುತ್ತದೆ. ತೇವ ಹೀರಿಕೊಳ್ಳುವುದು ಇದರ ಕೆಲಸ. ಮೇಲೆ ‘ತಿನ್ನಬೇಡಿ’ ಅಂತ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದನ್ನು ಮೊದಲು ಬಾಯಿಗೆ ಹಾಕಿಕೊಳ್ಳುವುದು ಮಾತ್ರ ಅಕ್ಷರವೇ ಬಾರದ ಮಗು.

ನನ್ನ ಅಕ್ಕನ ಮಗ ಒಂದೂವರೆ ವರ್ಷದವನಿದ್ದಾಗ ಹಾಗೇ ಮಾಡಿದ. ನಾನು ಗಾಬರಿಯಲ್ಲಿ ಪೊಟ್ಟಣ ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದು, ಡಾಕ್ಟರಿಗೆ ಫೋನ್ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. ‘ಮಗು ಸರಿಯಾಗಿ ಉಸಿರಾಡ್ತಿದೆಯಾ?’ ‘ಪೊಟ್ಟಣದಲ್ಲಿ ಏನಿತ್ತು?’ ಮೊದಲನೆಯದಕ್ಕೆ ಅವನ ಅಳುವೇ ಉತ್ತರ ಕೊಡುತ್ತಿತ್ತು. ಎರಡನೆಯದಕ್ಕೆ ನಾನು ಸಿಪ್ಪೆ, ಚರಟದ ನಡುವೆ ಕೈ ಹಾಕಿ ಹುಡುಕಬೇಕಾಯಿತು.

ಮೊದಲು ಉಸಿರಿನ ವಿಷಯ. ಮಗು ಅಳುತ್ತಿದ್ದರೆ, ಕೆಮ್ಮುತ್ತಿದ್ದರೆ ಗಾಳಿ ಆಡುತ್ತಿದೆ ಅಂತ ಅರ್ಥ. ಕೆಮ್ಮಲು ಬಿಡಿ. ಕಾಣದೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋದೀತು. ದನಿಯೇ ಹೊರಡುತ್ತಿಲ್ಲ, ಮುಖ ನೀಲಿಯಾಗುತ್ತಿದೆ ಅಂದರೆ ಮುಂದಕ್ಕೆ ಬಾಗಿಸಿ, ಎರಡು ಹೆಗಲ ನಡುವೆ ಅಂಗೈ ಬುಡದಿಂದ 5 ಸಲ ಹೊಡೆಯಿರಿ. ಬರಲಿಲ್ಲವಾ? ಹಿಂದೆ ನಿಂತು ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಒತ್ತಿ. ವರ್ಷ ತುಂಬದ ಕೂಸಿಗೆ ಹೊಟ್ಟೆ ಒತ್ತಲೇಬಾರದು. ಬೆನ್ನಿಗೆ ಹೊಡೆದಾದ ಮೇಲೆ ಎದೆಯ ನಡುವೆ ಒತ್ತಬೇಕು. ಇಷ್ಟರಲ್ಲಿ ಇನ್ನೊಬ್ಬರು ಆಂಬುಲೆನ್ಸ್‌ಗೆ ಫೋನ್ ಮಾಡಿರಬೇಕು. ಇದು ಉಪನ್ಯಾಸ ಕೇಳಿ ಬರುವ ವಿದ್ಯೆ ಅಲ್ಲ, ಗೊತ್ತಿದ್ದವರ ಹತ್ತಿರ ಒಮ್ಮೆ ಕಲಿತುಕೊಳ್ಳಿ.

ಈಗ ಎರಡನೇ ಪ್ರಶ್ನೆ. ಒಳಗೆ ಗಾಜಿನಂಥ ಪುಟ್ಟ ಮಣಿಗಳಿದ್ದರೆ ಅದು ಸಿಲಿಕಾ ಜೆಲ್. ಹೆಸರು ಜೆಲ್, ಆದರೆ ಗಟ್ಟಿ. ರಾಸಾಯನಿಕವಾಗಿ ಸಿಲಿಕಾನ್ ಡೈಆಕ್ಸೈಡ್. ಪುಡಿ ಆಹಾರ ಗಂಟು ಕಟ್ಟದಿರಲಿ ಅಂತ ಸೇರಿಸುವ ಇ551 ಕೂಡ ಅದೇ ವಸ್ತು. ನಮ್ಮ ದೇಹ ಅದನ್ನು ಜೀರ್ಣಿಸುವುದಿಲ್ಲ, ಹೋದ ಹಾಗೇ ಹೊರಗೆ ಬರುತ್ತದೆ.

‘ಮೈಯ ನೀರನ್ನೆಲ್ಲ ಹೀರಿಬಿಡುತ್ತದಂತೆ’ ಅಂತ ಹೆದರುವವರು ಬಹಳ. ಲೆಕ್ಕ ಹಾಕೋಣ. ಸಿಲಿಕಾ ಜೆಲ್ ಹೆಚ್ಚೆಂದರೆ ತನ್ನ ತೂಕದ ಶೇ. 40ರಷ್ಟು ನೀರು ಹಿಡಿಯುತ್ತದೆ. ಒಂದು ಗ್ರಾಂನ ಪೊಟ್ಟಣ ಪೂರ್ತಿ ನುಂಗಿದರೂ 0.4 ಮಿಲಿಲೀಟರ್. ಅಂದರೆ ಸುಮಾರು ಎಂಟು ಹನಿ. ಒಂದು ಗುಟುಕು ನೀರು ಕುಡಿದರೆ ಅದಕ್ಕಿಂತ ಜಾಸ್ತಿ ಸಿಗುತ್ತದೆ, ಅಲ್ವಾ? ಆದರೂ ಮಣಿ ನಾಲಿಗೆಗೆ ಅಂಟಿಕೊಳ್ಳುತ್ತದೆ, ಬಾಯಿ ಒಣಗಿದಂತಾಗುತ್ತದೆ. ಕಾರಣ ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ಒಂದೇ ಗ್ರಾಂನೊಳಗಿನ ತೂತುಗಳ ಗೋಡೆಯನ್ನೆಲ್ಲ ಬಿಡಿಸಿ ಹಾಸಿದರೆ ಬಾಸ್ಕೆಟ್‌ಬಾಲ್ ಅಂಕಣವೂ ಸಾಲದು.

ಹಾಗಾಗಿ ಬಾಯಲ್ಲಿ ಉಳಿದ ಮಣಿ ತೆಗೆಯಿರಿ, ಬಾಯಿ ತೊಳೆಯಿರಿ, ಸ್ವಲ್ಪ ನೀರು ಕುಡಿಸಿ. ವಾಂತಿ ಮಾತ್ರ ಮಾಡಿಸಬೇಡಿ. ಮತ್ತೆ ಮತ್ತೆ ವಾಂತಿ, ಹೊಟ್ಟೆನೋವು, ನುಂಗಲು ಕಷ್ಟ, ಸುರಿಯುವ ಜೊಲ್ಲು, ನಿಲ್ಲದ ಕೆಮ್ಮು ಇದ್ದರೆ ಆಸ್ಪತ್ರೆ. ಪೊಟ್ಟಣವನ್ನೇ ಇಡಿಯಾಗಿ ನುಂಗಿದ್ದರೂ ಡಾಕ್ಟರಿಗೆ ಹೇಳಿ, ಅದು ಎಲ್ಲಾದರೂ ಸಿಕ್ಕಿಕೊಳ್ಳಬಹುದು. ಮಣಿ ನೀಲಿಯಾಗಿದ್ದು ತೇವಕ್ಕೆ ಗುಲಾಬಿಗೆ ತಿರುಗುವಂಥದ್ದಾದರೆ ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ಆಗ ‘ಏನೂ ಆಗಲ್ಲ ಬಿಡಿ’ ಅನ್ನದೆ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ.

ನಿಜವಾಗಿ ಹೆದರಬೇಕಾದ ಪೊಟ್ಟಣ ಬೇರೆ. ಕೆಲವು ತಿಂಡಿ ಪ್ಯಾಕೆಟ್‌ಗಳಲ್ಲಿ ಮಣಿಯ ಬದಲು ಬಿಳಿ ಪುಡಿ ಅಥವಾ ಹರಳು ಇರುತ್ತದೆ. ಅದು ಸುಟ್ಟ ಸುಣ್ಣ, ಕ್ಯಾಲ್ಸಿಯಂ ಆಕ್ಸೈಡ್. ಸುಣ್ಣ ಅರಳಿಸುವುದನ್ನು ನೋಡಿದವರಿಗೆ ಗೊತ್ತು, ನೀರು ಬಿದ್ದ ಕೂಡಲೇ ಕೊತಕೊತ ಕುದಿಯುತ್ತದೆ. ಎಂಜಲು ತಾಗಿದರೆ ಬಾಯಲ್ಲೂ ಆಗುವುದು ಅದೇ. ಬಿಸಿಯೂ ಸುಡುತ್ತದೆ, ಕ್ಷಾರವೂ ಸುಡುತ್ತದೆ. ಉಗುಳಿಸಿ, ಒಣ ಪುಡಿಯನ್ನು ಒರೆಸಿ ತೆಗೆಯಿರಿ, ಆಮೇಲೆ ಧಾರಾಳ ನೀರಲ್ಲಿ ಬಾಯಿ ತೊಳೆಯಿರಿ. ನುಂಗಲು ಆಗುವುದಾದರೆ ಒಂದೆರಡು ಗುಟುಕು ನೀರು ಅಥವಾ ಹಾಲು ಸಾಕು. ವಾಂತಿ ಮಾಡಿಸಿದರೆ ಒಮ್ಮೆ ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ. ‘ಕ್ಷಾರಕ್ಕೆ ಹುಳಿ ಮದ್ದು’ ಅಂತ ನಿಂಬೆರಸ, ವಿನಿಗರ್ ಕುಡಿಸುವ ಜಾಣತನವೂ ಬೇಡ, ಹುಳಿ, ಕ್ಷಾರ ಸೇರಿದರೆ ಮತ್ತೆ ಬಿಸಿ ಹುಟ್ಟುತ್ತದೆ. ಬಾಯಿ ಚೆನ್ನಾಗೇ ಇದೆಯಲ್ಲ ಅಂತ ಕಾಯಬೇಡಿ. ಒಳಗೆ ಗಂಟಲು ಸುಟ್ಟಿರಬಹುದು. ನೇರ ಆಸ್ಪತ್ರೆಗೆ ಹೊರಡಿ.

ಈ ಸುಣ್ಣ ಕಣ್ಣಿಗೆ ಹಾರಿದರೆ ಇನ್ನೂ ಕಷ್ಟ. ಮುಖದ ಮೇಲಿನ ಪುಡಿ ಕೊಡವಿ, ರೆಪ್ಪೆ ಬಿಡಿಸಿ ಹಿಡಿದು, ಹರಿಯುವ ನೀರಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. 20 ನಿಮಿಷ ಅಂದರೆ ಗಡಿಯಾರ ನೋಡಿಕೊಂಡೇ. ಆಮೇಲೆ ಕಣ್ಣಿನ ಡಾಕ್ಟರು. ದೊಡ್ಡ ಮಕ್ಕಳು ಸುಮ್ನೆ ಕುತೂಹಲಕ್ಕೆ ಇದನ್ನು ನೀರಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯುವುದುಂಟು. ಬಿಸಿಗೆ ಬಾಟಲಿ ಒಡೆದು ಮುಖಕ್ಕೇ ಸಿಡಿಯುತ್ತದೆ.

ಕಪ್ಪು ಪುಡಿಯ ಪೊಟ್ಟಣದಲ್ಲಿರುವುದು ಸಾಮಾನ್ಯವಾಗಿ ಕಬ್ಬಿಣದ ಪುಡಿ. ಅದು ತೇವ ಹೀರುವುದಕ್ಕಲ್ಲ, ಆಮ್ಲಜನಕ ಹೀರುವುದಕ್ಕೆ. ಪುಡಿ ಹೊಟ್ಟೆಗೆ ಹೋಗಿದ್ದರೆ ಫೋನ್ ಮಾಡಿ ಕೇಳಿ. ತೇವ ಹೀರಲಿ ಅಂತ ಬೀರುವಿನಲ್ಲಿಡುವ ಡಬ್ಬಿಯ ತಳದಲ್ಲಿ ನೀರು ನಿಲ್ಲುತ್ತದಲ್ಲ, ಅದು ಸಾಮಾನ್ಯವಾಗಿ ಕ್ಯಾಲ್ಸಿಯಂ ಕ್ಲೋರೈಡ್ ಕರಗಿದ ನೀರು. ಕುಡಿದರೆ ಬಾಯಿ, ಹೊಟ್ಟೆ ಉರಿಯುತ್ತದೆ. ಅಲ್ಲೂ ಬಾಯಿ ತೊಳೆದು, ಫೋನ್ ಮಾಡಿ.

ಇನ್ನು ನಮ್ಮ ಹುಡುಗನ ಕಥೆ. ಬುಟ್ಟಿಯಲ್ಲಿ ಪೊಟ್ಟಣ ಸಿಕ್ಕಿತು. ಮೂಲೆ ಹರಿದಿತ್ತು, ಒಳಗಿದ್ದದ್ದು ಬಣ್ಣವಿಲ್ಲದ ಮಣಿಗಳು. ಮೇಲಿನ ಬರಹವನ್ನು ಡಾಕ್ಟರಿಗೆ ಓದಿ ಹೇಳಿದೆ. ‘ನೀರು ಕುಡಿಸಿ, ಮನೇಲೇ ನೋಡ್ಕೊಳ್ಳಿ’ ಅಂದರು. ಅವನು ಹತ್ತು ನಿಮಿಷದಲ್ಲಿ ಆಟಕ್ಕೆ ಇಳಿದ. ಮರುದಿನ ಡೈಪರ್ ಬದಲಿಸುವಾಗ ಅಕ್ಕನಿಗೆ ಮೂರು ಮಣಿ ಸಿಕ್ಕವಂತೆ.