ಏಣಿ ಹತ್ತುವವ ಒಬ್ಬನೇ

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಈ ಆಟಿ ಮಳೆಗೂ ಸಭಾಂಗಣ ತುಂಬಿದೆ, ಸಂತೋಷ. ಹಂಚಿನ ಮನೆಯಲ್ಲಿ ಬೆಳೆದವರಿಗೆ ಗೊತ್ತುಂಟು: ಚಾವಡಿಯಲ್ಲಿ ಕೂತು "ಅಗೋ, ಅಲ್ಲಿ ಸೋರ್ತದೆ" ಅಂತ ಬೆರಳು ತೋರಿಸಲಿಕ್ಕೆ ಹತ್ತು ಜನ. ಪಾಚಿ ಹಿಡಿದ ಮಾಡಿಗೆ ಏಣಿ ಇಟ್ಟು ಹತ್ತಿ, ಒಡೆದ ಹಂಚು ಬದಲಿಸುವವ ಒಬ್ಬನೇ. ಓಪನ್ ಸೋರ್ಸ್‌ನಲ್ಲಿ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶಗಳ ಲೋಕದಲ್ಲಿ, ಅವನಿಗೆ ಮೇಂಟೇನರ್ ಅಂತ ಹೆಸರು.

ವಿಡಿಯೋ, ಆಡಿಯೋ ಫೈಲು ಬಿಚ್ಚಿ ಬೇರೆ ರೂಪಕ್ಕೆ ತರುವ ಓಪನ್ ಸೋರ್ಸ್ ತಂತ್ರಾಂಶ ಎಫ್‌ಎಫ್‌ಎಂಪೆಗ್. ಅದರ ಮೇಂಟೇನರ್‌ಗಳಿಗೂ ಗೂಗಲ್‌ಗೂ ಆದ ಗಲಾಟೆ ನಿಮಗೆ ಗೊತ್ತೇ ಇದೆ. 2025ರಲ್ಲಿ ಗೂಗಲ್‌ನ ಬಿಗ್ ಸ್ಲೀಪ್ ಎಂಬ ಎಐ ಆ ತಂತ್ರಾಂಶದೊಳಗೆ ಒಂದು ಮೆಮೊರಿ ದೋಷ ಹುಡುಕಿತು. ಎಲ್ಲಿ? ಲ್ಯೂಕಾಸ್‌ಆರ್ಟ್ಸ್‌ನ 1995ರ ಒಂದು ಗೇಮಿನ ವಿಡಿಯೋ ಬಿಚ್ಚುವ ಡಿಕೋಡರಿನಲ್ಲಿ! ಆ ಗೇಮ್ ಆಡಿದವರು ಕೈ ಎತ್ತಿ ನೋಡುವ. ಯಾರೂ ಇಲ್ಲ.

ಹಾಗಂತ ದೋಷ ಸುಳ್ಳಲ್ಲ. ಎಫ್‌ಎಫ್‌ಎಂಪೆಗ್ ಫೈಲಿನ ಹೆಸರನ್ನಷ್ಟೇ ನಂಬುವುದಿಲ್ಲ, ಒಳಗಿನ ಬೈಟುಗಳನ್ನು ಮೂಸಿ ನೋಡುತ್ತದೆ. ಎಂಪಿ4 ಅಂತ ಹೆಸರಿಟ್ಟು ಹಳೆ ಗೇಮಿನ ಫೈಲು ಕೊಟ್ಟರೂ ಆ ಹಳೆ ಕೋಡ್ ಓಡಬಹುದು. ನಿಮ್ಮ ಸರ್ವರಿಗೆ ಅದು ಬೇಡವೇ? ಕೋಡಿನಿಂದ ತಂತ್ರಾಂಶ ಕಟ್ಟುವ ಮೊದಲು ಕಾನ್ಫಿಗರ್ ಮಾಡುವಾಗ ಡಿಸೇಬಲ್-ಎವ್ರಿಥಿಂಗ್ ಎಂಬ ಆಯ್ಕೆ ಕೊಟ್ಟು, ಡಿಮಕ್ಸರ್, ಪಾರ್ಸರ್, ಡಿಕೋಡರ್, ಪ್ರೋಟೊಕಾಲ್ ಎಂಬ ಬಿಡಿಭಾಗಗಳಲ್ಲಿ ಬೇಕಾದ್ದನ್ನು ಮಾತ್ರ ಎನೇಬಲ್ ಮಾಡಿ. ಪ್ರೋಟೊಕಾಲ್ ಮರೆತರೆ ಫೈಲೇ ತೆರೆಯುವುದಿಲ್ಲ, ಆಮೇಲೆ ಅದಕ್ಕೂ ಬಗ್ ವರದಿ ಹಾಕಬೇಡಿ.

ಮೇಂಟೇನರ್‌ಗಳಿಗೆ ಸಿಟ್ಟು ಬಂದದ್ದು ಬೇರೆ ಕಡೆ. ಭದ್ರತಾ ದೋಷ ಹುಡುಕುವ ಗೂಗಲ್‌ನ ತಂಡ ಪ್ರಾಜೆಕ್ಟ್ ಝೀರೋ 2025ರ ಜುಲೈಯಲ್ಲಿ ತಂದ ನಿಯಮ: ವರದಿ ಕೊಟ್ಟ ಒಂದೇ ವಾರದಲ್ಲಿ, ಇಂಥದ್ದರಲ್ಲಿ ದೋಷ ಸಿಕ್ಕಿದೆ ಅಂತ ಊರಿಗೆ ಡಂಗುರ, ಸರಿಪಡಿಸಲಿಕ್ಕೆ 90 ದಿನದ ಗಡುವು ಹಳೆಯದ್ದೇ. ಗಡುವು ಹಾಕಿದವರಿಗೆ ಸಂಬಳ ಉಂಟು, ಅದರ ಹಿಂದೆ ಓಡುವ ಮೇಂಟೇನರ್‌ಗೆ ಹೆಚ್ಚಾಗಿ ಇಲ್ಲ. ಅವನ ಕೆಲಸ ನೋಡಿ. ಕಳಿಸಿದ ಫೈಲು ಇಳಿಸಬೇಕು, ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಎಂಬ ಉಪಕರಣ ಸೇರಿಸಿ ಮತ್ತೆ ಬಿಲ್ಡ್ ಮಾಡಬೇಕು, ಕ್ರ್ಯಾಶ್ ಮರುಕಳಿಸುತ್ತದಾ ನೋಡಬೇಕು, ಬಳಸಿ ಬಿಟ್ಟುಕೊಟ್ಟ ಮೆಮೊರಿಯನ್ನು ಕೋಡಿನ ಯಾವ ಭಾಗ ಮತ್ತೆ ಮುಟ್ಟಿತು ಅಂತ ಹಿಂದಕ್ಕೆ ನಡೆಯಬೇಕು. ಪ್ಯಾಚ್, ಅಂದರೆ ತಿದ್ದುಪಡಿಯ ಕೋಡ್, ಬರೆದ ಮೇಲೆ ಹಳೆ ಪರೀಕ್ಷೆಗಳೆಲ್ಲ ದಾಟಬೇಕು, ಬಳಕೆಯಲ್ಲಿರುವ ಹಳೆ ಆವೃತ್ತಿಗಳಿಗೂ ಅದನ್ನು ಹೊಲಿಯಬೇಕು. ಏಣಿ ಹತ್ತುವುದೆಂದರೆ ಇದು.

ಎಕ್ಸ್‌ಎಂಎಲ್ ಫೈಲು ಓದುವ ಲಿಬ್‌ಎಕ್ಸ್‌ಎಂಎಲ್2 ಎಂಬ ತಂತ್ರಾಂಶದ ಮೇಂಟೇನರ್ 2025ರಲ್ಲಿ ಸಾಕಪ್ಪಾ ಅಂದರು: ಭದ್ರತಾ ದೋಷಕ್ಕೆ ಗುಟ್ಟೂ ಇಲ್ಲ, ಗಡುವೂ ಇಲ್ಲ, ಬೇರೆ ಬಗ್‌ಗಳ ಸಾಲಿನಲ್ಲೇ ನಿಲ್ಲಲಿ. ಜಾಲದಲ್ಲಿ ಡೇಟಾ ಸಾಗಿಸುವ ಕರ್ಲ್ ಎಂಬ ಯೋಜನೆ, ಎಐ ಬರೆದ ಹುಸಿ ವರದಿಗಳ ಕಸ ತಾಳದೆ, ದೋಷ ಹುಡುಕಿದವರಿಗೆ ಹಣ ಕೊಡುವ ಬಗ್ ಬೌಂಟಿಯನ್ನೇ 2026ರ ಜನವರಿ ಕೊನೆಗೆ ಮುಚ್ಚಿತು. ಆದರೆ ಅದೇ ಕರ್ಲ್‌ಗೆ, ಎಐ ಉಪಕರಣ ಬಳಸಿದರೂ ಜಾಣತನದಿಂದ ಸೋಸಿದ ಪಟ್ಟಿಯಿಂದ ಹತ್ತಾರು ನಿಜವಾದ ದೋಷ ಸಿಕ್ಕಿದ್ದೂ ಉಂಟು. ಯಂತ್ರದ ಮೇಲೆ ನನಗೇನೂ ಕೋಪ ಇಲ್ಲ. ಸೋರುವಲ್ಲಿ ಬೆರಳು ತೋರಿಸುವ ಕಂಪೆನಿ ಒಂದು ಹಂಚನ್ನೂ ತರಲಿ, ಅಷ್ಟೆ.

ಚೀಟಿ ಬಂತು, ಎರಡೇ ನಿಮಿಷ. ವರದಿ ಕಳಿಸುವವರಿಗೆ ಬೇಗ ಹೇಳಿಬಿಡುತ್ತೇನೆ. ಮೊದಲು ಗಿಟ್‌ನಿಂದ ಇವತ್ತಿನ ಹೊಸ ಕೋಡ್ ಎಳೆದು ನೋಡಿ, ಎಷ್ಟೋ ದೋಷ ಆಗಲೇ ಸರಿಯಾಗಿರುತ್ತದೆ. ಕ್ರ್ಯಾಶ್ ಮಾಡುವ ಫೈಲನ್ನು ಆದಷ್ಟು ಸಣ್ಣದು ಮಾಡಿ. ಯಾವ ಆವೃತ್ತಿಯ ಕೋಡ್ ಅಂತ ಹೇಳುವ ಕಮಿಟ್ ಸಂಖ್ಯೆ, ಬಿಲ್ಡ್ ಆಯ್ಕೆ, ಸ್ಯಾನಿಟೈಸರ್ ಕೊಟ್ಟ ಪೂರ್ತಿ ಔಟ್‌ಪುಟ್ ಸೇರಿಸಿ. ಪ್ಯಾಚೂ ಇರಲಿ. ಮೇಂಟೇನರ್‌ಗೆ ಹಣ ಕೊಡುವ ವಿಷಯ ಉಳಿಯಿತು, ಅದನ್ನು ಚಾ ಕುಡಿಯುತ್ತಾ ಮಾತಾಡುವ.